ಪ್ರೀವಿಸ್ ಕಲಿಯೋಕೆ ಎಲ್ಲಿಂದ ಶುರು ಮಾಡಬೇಕು? ಐದು ನಿಮಿಷದ ಅನಿಮೇಷನ್ ಚಿತ್ರಕ್ಕೆ ಸಲಹೆ ಬೇಕು

ಮಳೆಬಸ್ಸು

ಎಲ್ಲರಿಗೂ ನಮಸ್ಕಾರ. ಐದು ನಿಮಿಷದ ಒಂದು 3ಡಿ ಕಿರುಚಿತ್ರ ಮಾಡುತ್ತಿದ್ದೇನೆ. ಕಥೆ ಸಣ್ಣದು. ಮಲೆನಾಡಿನ ಒಂದು ಊರಿಗೆ ರಾತ್ರಿ ಕೊನೆಯ ಬಸ್ಸು ಬರುತ್ತದೆ. ಅಲ್ಲೇ ನೈಟ್ ಹಾಲ್ಟ್. ಜೋರು ಮಳೆ. ಊರಿನ ನಾಯಿಯೊಂದು ಬಸ್ಸಿನ ಅಡಿಗೆ ನುಗ್ಗಿ ಮಲಗುತ್ತದೆ. ಬೆಳಿಗ್ಗೆ ಫಸ್ಟ್ ಟ್ರಿಪ್ ಹೊರಡಬೇಕು, ನಾಯಿ ಏಳುವುದಿಲ್ಲ. ಡ್ರೈವರ್, ಕಂಡಕ್ಟರ್, ನಾಯಿ. ಮೂರೇ ಪಾತ್ರ. ಮಾತು ಕಡಿಮೆ.

ಬ್ಲೆಂಡರ್ ಬರುತ್ತದೆ. ಆ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡೆಲಿಂಗ್, ರಿಗ್ಗಿಂಗ್ (ಮಾಡೆಲ್ ಅಲ್ಲಾಡುವ ಹಾಗೆ ಒಳಗೆ ಮೂಳೆ ಜೋಡಿಸುವುದು) ಪರವಾಗಿಲ್ಲ. ತೊಂದರೆ ಏನೆಂದರೆ, ಒಂದೊಂದೇ ಶಾಟ್ ನೋಡಿದರೆ ಚೆನ್ನಾಗಿರುತ್ತದೆ. ಸಾಲಾಗಿ ಇಟ್ಟು ನೋಡಿದರೆ ಬಸ್ಸು ಯಾವ ಕಡೆ ಮುಖ ಮಾಡಿದೆ, ನಾಯಿ ಎಲ್ಲಿಂದ ಬಂತು ಅಂತಲೇ ತಿಳಿಯುವುದಿಲ್ಲ. ಪ್ರೀವಿಸ್ ಮಾಡು, ಅಂದರೆ ಅನಿಮೇಟ್ ಮಾಡುವ ಮುಂಚೆ ಚಿತ್ರವನ್ನು ಕಚ್ಚಾ ರೂಪದಲ್ಲಿ ಜೋಡಿಸಿ ನೋಡು ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಕಲಿಯಬೇಕು ಅಂತ ಹೇಳುವವರು ಕಡಿಮೆ. ಹುಡುಕಿದರೆ ಸಿಗುವುದೆಲ್ಲ ಸಾಫ್ಟ್‌ವೇರ್ ಪಾಠ.

ಚಿತ್ರ ಬಿಡಿಸಲು ಬರದವರೂ ಸ್ಟೋರಿಬೋರ್ಡ್ (ಶಾಟುಗಳನ್ನು ಚಿತ್ರ ಬರೆದು ಸಾಲಾಗಿ ಇಡುವುದು) ಮಾಡಲೇಬೇಕಾ? ನೇರವಾಗಿ 3ಡಿಯಲ್ಲೇ ಕ್ಯಾಮೆರಾ ಇಡುತ್ತಾ ಹೋದರೆ ಆಗಲ್ವಾ? ಇದಕ್ಕೆ ಅಂತ ಕೋರ್ಸ್ ಸೇರಬೇಕಾ?

ಬೂದುಡಬ್ಬ

ಮೊದಲು ಅನಿಮೇಟ್ ಮಾಡುವುದನ್ನು ನಿಲ್ಲಿಸಿ. ಕಟ್ (ಒಂದು ಶಾಟಿನಿಂದ ಇನ್ನೊಂದಕ್ಕೆ ಹೋಗುವ ಜಾಗ) ಸರಿಯಾಗಿ ಕೂರುವ ತನಕ ಕೈಕಾಲಿಗೆ ಒಂದು ಕೀಫ್ರೇಮ್ (ಚಲನೆಯ ಗುರುತು) ಕೂಡ ಹಾಕಬೇಡಿ.

ಲೇಔಟ್_ರಾಯರು

ಬೂದುಡಬ್ಬ ಹೇಳಿದ್ದು ಸರಿ. ಯಾಕೆ ಅಂತ ನಾನು ಸೇರಿಸುತ್ತೇನೆ. ನಾನು ಬೆಂಗಳೂರಿನಲ್ಲಿ ಲೇಔಟ್ ಕೆಲಸ ಮಾಡುತ್ತೇನೆ, ಅಂದರೆ ಶಾಟಿನಲ್ಲಿ ಕ್ಯಾಮೆರಾ, ಪಾತ್ರ ಎಲ್ಲಿರಬೇಕು ಅಂತ ಜೋಡಿಸುವ ಕೆಲಸ. ಅನಿಮೇಷನ್ ಸ್ಟುಡಿಯೋಗಳಲ್ಲಿ ಪ್ರೀವಿಸ್ ಬಹುಪಾಲು ನಡೆಯುವುದು ಈ ವಿಭಾಗದಲ್ಲೇ.

ನಟರನ್ನು ನಿಲ್ಲಿಸಿ ಶೂಟ್ ಮಾಡುವ ಸಿನಿಮಾದಲ್ಲಿ ಒಂದು ದೃಶ್ಯವನ್ನು ನಾಲ್ಕು ಕಡೆಯಿಂದ ತೆಗೆದಿಟ್ಟುಕೊಳ್ಳಬಹುದು. ಯಾವುದು ಬೇಕೋ ಎಡಿಟಿಂಗ್‌ನಲ್ಲಿ ಆರಿಸಿಕೊಳ್ಳಬಹುದು. ನಮಗೆ ಆ ಸೌಕರ್ಯ ಇಲ್ಲ. ದೊಡ್ಡ ಚಿತ್ರಗಳಲ್ಲಿ ಒಬ್ಬ ಅನಿಮೇಟರ್ ವಾರವೆಲ್ಲ ಕೂತರೂ ಮುಗಿಯುವುದು ಕೆಲವೇ ಸೆಕೆಂಡು. ಅಷ್ಟು ಕಷ್ಟಪಟ್ಟು ಮಾಡಿದ ಶಾಟನ್ನು ಆಮೇಲೆ ಬೇಡ ಅಂತ ತೆಗೆದು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಇಲ್ಲಿ ಎಡಿಟಿಂಗ್ ಮೊದಲು. 1930ರ ದಶಕದ ಶುರುವಿನಲ್ಲೇ ಡಿಸ್ನಿ ಸ್ಟುಡಿಯೋದವರು ಚಿತ್ರಗಳನ್ನು ಬೋರ್ಡಿಗೆ ಸಾಲಾಗಿ ಪಿನ್ ಮಾಡಿ, ಬೇಡದ್ದನ್ನು ಕಿತ್ತು, ಜಾಗ ಬದಲಿಸಿ ಕಥೆ ಕಟ್ಟಲು ಶುರು ಮಾಡಿದ್ದರು.

ಒಂದು ಉದಾಹರಣೆ ಕೊಡುತ್ತೇನೆ. 1993ರ ನವೆಂಬರಿನಲ್ಲಿ ಪಿಕ್ಸಾರ್‌ನವರು 'ಟಾಯ್ ಸ್ಟೋರಿ'ಯ ರೀಲನ್ನು ಡಿಸ್ನಿಯವರಿಗೆ ತೋರಿಸಿದರು. ಕಥೆಯ ಚಿತ್ರಗಳನ್ನು ಧ್ವನಿಯ ಜೊತೆ ಜೋಡಿಸಿದ ರೀಲ್ ಅದು. ಯಾರಿಗೂ ಹಿಡಿಸಲಿಲ್ಲ. ಕೆಲಸವೇ ನಿಂತಿತು. ಕಥೆ ತಿದ್ದಿ ಬರೆದರು, 1995ರಲ್ಲಿ ಚಿತ್ರ ಬಂತು. ಆ ರೀಲ್ ಇಲ್ಲದೆ ಇದ್ದಿದ್ದರೆ ನಾಯಕ ವುಡಿ ಎಂಥ ಒರಟ ಅಂತ ಗೊತ್ತಾಗುವ ಹೊತ್ತಿಗೆ ಅರ್ಧ ಸಿನಿಮಾ ರೆಂಡರ್ ಆಗಿರುತ್ತಿತ್ತು.

ನಿಮ್ಮ ಐದು ನಿಮಿಷ ಅಂದರೆ, ಸೆಕೆಂಡಿಗೆ 24ರಂತೆ, 7200 ಫ್ರೇಮ್. ಒಬ್ಬರೇ ಮಾಡುತ್ತಿದ್ದೀರಿ. ನಿಮಗೆ ಇದು ಪಿಕ್ಸಾರ್‌ಗಿಂತ ಜಾಸ್ತಿ ಬೇಕು.

ಕಡಲತಡಿ

ಸ್ಟೋರಿಬೋರ್ಡ್ ಇಲ್ಲದೆ ಆಗುವುದೇ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 'ಫ್ಲೋ' ನೋಡಿ. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಬ್ಲೆಂಡರ್‌ನಲ್ಲೇ ಮಾಡಿದ ಚಿತ್ರ. 2025ರಲ್ಲಿ ಆಸ್ಕರ್ ಬಂತು. ಅದಕ್ಕೆ ಸ್ಟೋರಿಬೋರ್ಡ್ ಬರೆದೇ ಇಲ್ಲ. ಜಾಗವನ್ನು 3ಡಿಯಲ್ಲಿ ಕಟ್ಟಿ, ಒಳಗೆ ಕ್ಯಾಮೆರಾ ತೆಗೆದುಕೊಂಡು ಹೋಗಿ ಶಾಟ್ ಹುಡುಕಿದರು. ಮಳೆಬಸ್ಸು ಅವರಿಗೂ ಬ್ಲೆಂಡರ್ ಬರುತ್ತದೆ. ಅವರ ಚಿತ್ರದಲ್ಲೂ ಪ್ರಾಣಿ, ನೀರು, ಮಾತು ಕಡಿಮೆ. ನೇರ 3ಡಿಗೆ ಹೋಗಲಿ ಬಿಡಿ.

ಲೇಔಟ್_ರಾಯರು

@ಕಡಲತಡಿ ನೀವು ಹೇಳಿದ್ದು ನಿಜ. ಆದರೆ ಪೂರ್ತಿ ಹೇಳಿ. ಅದಕ್ಕೂ ಮುಂಚೆ 2019ರಲ್ಲಿ ಅವರು 'ಅವೇ' ಅಂತ ಪೂರ್ಣ ಪ್ರಮಾಣದ ಚಿತ್ರವನ್ನು ಒಬ್ಬರೇ ಮಾಡಿ ಮುಗಿಸಿದ್ದರು. 'ಫ್ಲೋ'ದಲ್ಲಿ ಕ್ಯಾಮೆರಾ ಕಟ್ ಆಗದೆ ಬಹಳ ಹೊತ್ತು ಬೆಕ್ಕಿನ ಹಿಂದೆಯೇ ಓಡುತ್ತದೆ. ಅಂಥ ಉದ್ದದ ಶಾಟನ್ನು ಕಾಗದದ ಮೇಲೆ ಬರೆದರೆ ಏನೂ ತಿಳಿಯುವುದಿಲ್ಲ, 3ಡಿಯೇ ಬೇಕು. ಮತ್ತೆ ಅವರೂ 3ಡಿಯಲ್ಲೇ ಅನಿಮ್ಯಾಟಿಕ್ (ಕಚ್ಚಾ ಶಾಟುಗಳನ್ನು ಸಾಲಾಗಿ ಜೋಡಿಸಿದ ವಿಡಿಯೋ) ಮಾಡಿಕೊಂಡರು. ಸ್ಟೋರಿಬೋರ್ಡ್ ಬಿಟ್ಟರು, ಪ್ರೀವಿಸ್ ಬಿಡಲಿಲ್ಲ.

ಕಡಲತಡಿ

ನಾನು ಹೇಳಿದ್ದೂ ಅದೇ ಅಲ್ವಾ! ಪ್ರೀವಿಸ್ ಬೇಡ ಅಂತ ಎಲ್ಲಿ ಹೇಳಿದೆ? ಕಾಗದ ಬೇಡ ಅಂದೆ.

ಪೆನ್ಸಿಲ್_ಹುಬ್ಬಳ್ಳಿ

ಇಬ್ಬರೂ ಸ್ವಲ್ಪ ತಡೀರಿ. ಚಿತ್ರ ಬಿಡಿಸಲು ಬರುವುದಿಲ್ಲ ಅಂತ ಅವರು ಹೆದರಿದ್ದಾರೆ. ಮೊದಲು ಆ ಹೆದರಿಕೆ ಬಿಡಿಸೋಣ.

ರೀ ಮಳೆಬಸ್ಸು, ಸ್ಟೋರಿಬೋರ್ಡಿಗೆ ಚಂದದ ಚಿತ್ರ ಬೇಕಾಗಿಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕ ಹಾಕಿ. ಅದರೊಳಗೆ ಒಂದು ಅಡ್ಡ ಗೆರೆ, ಅದು ನೆಲ ಎಲ್ಲಿ ಮುಗಿಯುತ್ತದೆ ಅನ್ನುವುದಕ್ಕೆ. ಮನುಷ್ಯನಿಗೆ ಒಂದು ಉದ್ದ ಗೆರೆ, ಮೇಲೊಂದು ಸೊನ್ನೆ. ನಾಯಿಗೆ ಒಂದು ಅಡ್ಡ ಸೊನ್ನೆ, ಮೂಗಿನ ಕಡೆ ಒಂದು ಚೂಪು. ಮೂಗು ಯಾವ ಕಡೆ ಅನ್ನುವುದು ಮುಖ್ಯ, ಕಿವಿ ಹೇಗಿದೆ ಅನ್ನುವುದು ಬೇಡ. ಒಂದು ಚೌಕಕ್ಕೆ ಅರ್ಧ ನಿಮಿಷ. ಚೌಕ ದೊಡ್ಡದು ಮಾಡಿದರೆ ಕೈ ಸುಮ್ಮನೆ ಬಸ್ಸಿನ ಕಿಟಕಿ ಸರಳು ಬರೆಯಲು ಹೋಗುತ್ತದೆ.

ಆ ಪುಟವನ್ನು ಫೋನಿನಲ್ಲಿ ಫೋಟೋ ತೆಗೆದು, ಚೌಕ ಚೌಕ ಕತ್ತರಿಸಿ ಟೈಮ್‌ಲೈನಿಗೆ ಹಾಕಿ. ಡ್ರಾಯಿಂಗ್ ಟ್ಯಾಬ್ಲೆಟ್ ಇದ್ದರೆ ಕ್ರಿಟಾ 5ರಲ್ಲಿ ಸ್ಟೋರಿಬೋರ್ಡ್ ಪ್ಯಾನೆಲ್ ಇದೆ. ಸ್ಟೋರಿಬೋರ್ಡರ್ ಅನ್ನುವ ಸಾಫ್ಟ್‌ವೇರ್ ಇದೆ. ಎರಡಕ್ಕೂ ದುಡ್ಡಿಲ್ಲ. ಬ್ಲೆಂಡರ್ ಬಿಟ್ಟು ಹೊರಗೆ ಬರಲು ಮನಸ್ಸಿಲ್ಲದಿದ್ದರೆ ಅದರಲ್ಲೇ ಗೆರೆ ಬರೆಯಲು ಇರುವ ಗ್ರೀಸ್ ಪೆನ್ಸಿಲ್ ಸಾಕು.

ಸತ್ಯಜಿತ್ ರೇ 'ಪಥೇರ್ ಪಾಂಚಾಲಿ'ಗೆ ನಿರ್ಮಾಪಕರ ಹತ್ತಿರ ಚಿತ್ರಗಳ ಪುಸ್ತಕ ಹಿಡಿದುಕೊಂಡು ಹೋಗಿದ್ದರು. ಅವರು ಒಳ್ಳೆಯ ಕಲಾವಿದರು, ಸರಿ. ಆದರೆ ಆ ಚಿತ್ರಗಳ ಕೆಲಸ ಶಾಟ್ ಹೇಗಿರುತ್ತದೆ ಅಂತ ಹೇಳುವುದು. ನಿಮ್ಮ ಗೆರೆ, ಸೊನ್ನೆಯ ಕೆಲಸವೂ ಅದೇ.

ಹಾಸನ_ಹೈದ

ಕೋರ್ಸ್ ಬಗ್ಗೆ ನಾನು ಹೇಳುತ್ತೇನೆ. ನಾನು ಸೇರಿದ್ದ ಒಂದು ಸಂಸ್ಥೆಯಲ್ಲಿ ಫೀಸ್ ಕಟ್ಟಿಸಿಕೊಂಡು ಸಾಫ್ಟ್‌ವೇರಿನ ಬಟನ್ ಹೇಳಿಕೊಟ್ಟರು. ಶಾಟ್ ಅಂದರೇನು, ಒಂದು ಕಟ್ ಯಾಕೆ ಬೇಕು ಅಂತ ಒಂದು ಕ್ಲಾಸ್ ಕೂಡ ಆಗಲಿಲ್ಲ. ಸಾಲ ಮಾಡಿ ಸೇರಬೇಡಿ.

ವ್ಯಾಂಕೂವರ್_ಕನ್ನಡತಿ

ಎಲ್ಲ ಕೋರ್ಸನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಅಹಮದಾಬಾದಿನ ಎನ್‌ಐಡಿ, ಮುಂಬೈ ಪವಾಯಿಯ ಐಡಿಸಿಯಂಥ ಡಿಸೈನ್ ಸಂಸ್ಥೆಗಳಲ್ಲಿ ಸಿನಿಮಾ ಯೋಚನೆಯನ್ನೇ ಕಲಿಸುತ್ತಾರೆ. ಸೇರುವುದು ಕಷ್ಟ, ಅದು ಬೇರೆ ಮಾತು. ಕೈಯಲ್ಲಿ ಆಗಲೇ ಒಂದು ಕಥೆ ಇದೆ ಅಂದರೆ ಕೋರ್ಸಿಗೆ ಕಾಯುವ ಅಗತ್ಯ ಇಲ್ಲ. ಬ್ಲೆಂಡರ್ ಸ್ಟುಡಿಯೋದವರು ತಮ್ಮ ಚಿತ್ರಗಳ ಕೆಲಸದ ಫೈಲುಗಳನ್ನೇ ಹೊರಗೆ ಕೊಡುತ್ತಾರೆ. 2019ರ 'ಸ್ಪ್ರಿಂಗ್', 2021ರ 'ಸ್ಪ್ರೈಟ್ ಫ್ರೈಟ್' ಎರಡನ್ನೂ ನೋಡಿ. ಮುಗಿದ ಸಿನಿಮಾವನ್ನು ಒಂದು ಕಡೆ, ಕಚ್ಚಾ ರೂಪವನ್ನು ಇನ್ನೊಂದು ಕಡೆ ಇಟ್ಟು ಕೂರಿ. ಯಾವ ಶಾಟ್ ಬಿಟ್ಟುಹೋಯಿತು, ಯಾವುದು ಹಾಗೇ ಉಳಿಯಿತು ಅಂತ ಹುಡುಕಿ.

ಇನ್ನೊಂದು ಅಭ್ಯಾಸ ಇದೆ. ನಿಮಗೆ ಇಷ್ಟವಾದ ಯಾವುದೇ ಸಿನಿಮಾದ ಒಂದು ನಿಮಿಷ ತೆಗೆದುಕೊಳ್ಳಿ. ಕಟ್ ಆದಲ್ಲೆಲ್ಲ ನಿಲ್ಲಿಸಿ ಒಂದು ಗೆರೆಚಿತ್ರ ಬರೆಯಿರಿ. ಆಮೇಲೆ ಅದನ್ನೇ ಬೂದು ಡಬ್ಬಗಳಲ್ಲಿ ಬ್ಲೆಂಡರ್‌ನಲ್ಲಿ ಕಟ್ಟಿ. ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ಎಷ್ಟು ದೂರದಲ್ಲಿತ್ತು ಅಂತ ಕಂಡುಹಿಡಿಯಲೇಬೇಕಾಗುತ್ತದೆ. ಕಣ್ಣು ಪಳಗುವುದು ಹಾಗೆ.

ಡಿಪೋ_ಹುಡುಗ

ಪ್ರೀವಿಸ್ ನನಗೆ ಗೊತ್ತಿಲ್ಲ. ಬಸ್ಸಿನ ಕಥೆ ಅಂತ ಓದಲು ಬಂದೆ. ನಮ್ಮಪ್ಪ ಕೆಎಸ್‌ಆರ್‌ಟಿಸಿ ಡ್ರೈವರ್ ಆಗಿದ್ದರು, ನೈಟ್ ಹಾಲ್ಟ್ ರೂಟಿನಲ್ಲಿ ಬಹಳ ವರ್ಷ ಓಡಿಸಿದ್ದಾರೆ. ಒಂದು ಪ್ರಶ್ನೆ. ನಿಮ್ಮ ಬಸ್ಸಿನ ಬಾಗಿಲು ಯಾವ ಕಡೆ ಇದೆ?

ಮಳೆಬಸ್ಸು

ಹಳೆಯ ಸ್ಕೂಲ್ ಬಸ್ಸಿನ ಉಚಿತ ಮಾಡೆಲ್ ಸಿಕ್ಕಿತ್ತು, ಅದಕ್ಕೇ ಕೆಂಪು ಬಣ್ಣ ಹಚ್ಚಿದ್ದೇನೆ. ಬಾಗಿಲು ಬಲಗಡೆ ಇದೆ. ಶಾಟಿನಲ್ಲಿ ಕಾಣುವುದಿಲ್ಲ ಅಂದುಕೊಂಡಿದ್ದೆ.

ಡಿಪೋ_ಹುಡುಗ

ಅದು ಅಮೆರಿಕದ ಬಸ್ಸು. ನಮ್ಮಲ್ಲಿ ಬಾಗಿಲು ಎಡಗಡೆ. ಡ್ರೈವರ್ ಬಲಗಡೆ. ಕನ್ನಡದವರು ನೋಡಿದ ತಕ್ಷಣ ಏನೋ ತಪ್ಪಿದೆ ಅನ್ನುತ್ತಾರೆ.

ಬೂದುಡಬ್ಬ

ಎಕ್ಸ್ ಅಕ್ಷದಲ್ಲಿ ಮೈನಸ್ ಒಂದು ಸ್ಕೇಲ್ ಕೊಟ್ಟು ಮಿರರ್ ಮಾಡಿ, ಆಮೇಲೆ ಸ್ಕೇಲ್ ಅಪ್ಲೈ ಮಾಡಿ ನಾರ್ಮಲ್ (ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಅನ್ನುವುದು) ಸರಿಮಾಡಿಕೊಳ್ಳಿ. ಬೋರ್ಡಿನ ಅಕ್ಷರ ಉಲ್ಟಾ ಆಗುತ್ತದೆ, ಅದನ್ನು ಬೇರೆ ಹಾಕಿ. ಪ್ರೀವಿಸ್‌ಗೆ ಅಷ್ಟೂ ಬೇಡ. ಎರಡೂವರೆ ಮೀಟರ್ ಅಗಲದ ಒಂದು ಡಬ್ಬ, ಎಡಗಡೆ ಒಂದು ತೂತು, ಕೆಳಗೆ ನಾಲ್ಕು ಸಿಲಿಂಡರ್. ಬಸ್ಸು ಆಯಿತು.

ಮೂವತ್ತೈದು_ಎಂಎಂ

ಡಿಪೋ_ಹುಡುಗ ಎತ್ತಿದ ಪ್ರಶ್ನೆಯನ್ನು ಸಣ್ಣದು ಅಂದುಕೊಳ್ಳಬೇಡಿ. ನಿಮ್ಮ ತೊಂದರೆಯ ಮೂಲವೇ ಅಲ್ಲಿದೆ.

ಯೋಚನೆ ಮಾಡಿ. ಬಸ್ಸು ಪರದೆಯ ಬಲಕ್ಕೆ ಮುಖ ಮಾಡಿ ನಿಂತಿದ್ದರೆ ನಮಗೆ ಕಾಣುವುದು ಅದರ ಬಲಮಗ್ಗುಲು. ಅಂದರೆ ಡ್ರೈವರ್ ಕಡೆ. ನಮ್ಮ ಬಸ್ಸಿನಲ್ಲಿ ಬಾಗಿಲು ಆಚೆ ಕಡೆ ಹೋಯಿತು. ಕಂಡಕ್ಟರ್ ಇಳಿಯುವುದು, ಮೆಟ್ಟಿಲ ಮೇಲೆ ಕೂತು ನಾಯಿಯನ್ನು ನೋಡುವುದು, ಯಾವುದೂ ಕಾಣುವುದಿಲ್ಲ. ಬಾಗಿಲು ನಮ್ಮ ಕಡೆ ಇರಬೇಕು ಅಂದರೆ ಬಸ್ಸು ಪರದೆಯ ಎಡಕ್ಕೆ ಮುಖ ಮಾಡಿರಬೇಕು. ನೀವು ಒಂದು ಶಾಟಿನಲ್ಲಿ ಬಾಗಿಲಿನ ಕಡೆ, ಇನ್ನೊಂದರಲ್ಲಿ ಡ್ರೈವರ್ ಕಡೆ ಕ್ಯಾಮೆರಾ ಇಟ್ಟಿರಬೇಕು. ಕಟ್ ಆದಾಗ ಬಸ್ಸಿನ ಮುಖ ತಿರುಗಿಬಿಡುತ್ತದೆ. ಯಾವ ಕಡೆ ಮುಖ ಅಂತ ತಿಳಿಯುವುದಿಲ್ಲ ಅಂದಿರಲ್ಲ, ಅದು ಇದರಿಂದಲೇ.

ಬಸ್ಸಿನ ಉದ್ದಕ್ಕೂ ನೆಲದ ಮೇಲೆ ಒಂದು ಗೆರೆ ಎಳೆಯಿರಿ. ಗೆರೆಯ ಒಂದೇ ಕಡೆ ಎಲ್ಲ ಕ್ಯಾಮೆರಾ ಇಡಿ. ದಾಟಲೇಬೇಕಾದರೆ ಕಟ್ ಮಾಡಿ ದಾಟಬೇಡಿ. ಕ್ಯಾಮೆರಾವನ್ನೋ ಬಸ್ಸನ್ನೋ ನಮ್ಮ ಕಣ್ಣೆದುರಿಗೇ ತಿರುಗಿಸಿ.

ಡಿಪೋ_ಹುಡುಗ

ಬಸ್ಸು ತಿರುಗಿಸುವ ಮಾತು ಬಂತಲ್ಲ, ಹಾಗಾದರೆ ಇದನ್ನೂ ಕೇಳಿ. ನಮ್ಮಪ್ಪ ಬೆಳಿಗ್ಗೆ ತಿರುಗಿಸಲು ಬಿಡುತ್ತಿರಲಿಲ್ಲ. ರಾತ್ರಿಯೇ ಹಿಂದೆ ಮುಂದೆ ತೆಗೆದು, ಬಂದ ದಾರಿಗೆ ಮುಖ ಮಾಡಿ ನಿಲ್ಲಿಸಿ ಆಮೇಲೆ ಊಟ. ಬೆಳಿಗ್ಗೆ ಚಳಿಗೆ ಇಂಜಿನ್ ಸ್ಟಾರ್ಟ್ ಆಗುವುದೇ ಕಷ್ಟ, ಆ ಹೊತ್ತಲ್ಲಿ ರಿವರ್ಸ್ ಎಲ್ಲಿ ಹಾಕುವುದು ಅನ್ನುತ್ತಿದ್ದರು. ಕಂಡಕ್ಟರ್ ಹಿಂದೆ ನಿಂತು ಸೀಟಿ ಹೊಡೆಯಬೇಕು, ಬಾಡಿ ತಟ್ಟಬೇಕು. ಆ ಸದ್ದಿಗೆ ಊರಿನ ನಾಯಿಗಳೆಲ್ಲ ಎದ್ದು ಬರುತ್ತಿದ್ದವು.

ಮೂವತ್ತೈದು_ಎಂಎಂ

@ಡಿಪೋ_ಹುಡುಗ ಸರ್, ನೀವು ಪ್ರೀವಿಸ್ ಗೊತ್ತಿಲ್ಲ ಅಂದಿರಿ. ಈ ಚಿತ್ರದ ಮುಖ್ಯವಾದ ಶಾಟ್ ಕೊಟ್ಟಿರಿ. 

ಬಸ್ಸು ಎಡದಿಂದ ಬಲಕ್ಕೆ ಬರಲಿ. ದೂರದ ಒಂದೇ ಶಾಟಿನಲ್ಲಿ ಅದು ತಿರುಗಲಿ. ತಿರುಗುವಾಗ ಹೆಡ್‌ಲೈಟ್ ಊರನ್ನೆಲ್ಲ ಒರೆಸಿಕೊಂಡು ಹೋಗುತ್ತದೆ. ಶಾಲೆಯ ಗೋಡೆ, ಅಂಗಡಿಯ ಕಟ್ಟೆ, ಮರದ ಬುಡ, ಬುಡದಲ್ಲಿ ನೆನೆಯುತ್ತಿರುವ ನಾಯಿ. ಒಂದು ಕ್ಷಣ ಅದರ ಕಣ್ಣು ಹೊಳೆಯುತ್ತದೆ. ಬೆಳಕು ಮುಂದೆ ಹೋಗುತ್ತದೆ. ಬಸ್ಸು ಎಡಕ್ಕೆ ಮುಖ ಮಾಡಿ ನಿಲ್ಲುತ್ತದೆ, ಬಾಗಿಲು ನಮ್ಮ ಕಡೆ. ಬೆಳಿಗ್ಗೆ ಬಂದ ದಾರಿಯಲ್ಲೇ ಎಡಕ್ಕೆ ಹೋಗುತ್ತದೆ. ಊರಿನ ನಕ್ಷೆ, ನಾಯಿಯ ಪರಿಚಯ, ಬಸ್ಸಿನ ದಿಕ್ಕು ಎಲ್ಲ ಒಂದೇ ಶಾಟಿನಲ್ಲಿ ಮುಗಿಯಿತು.

ಮಳೆಬಸ್ಸು

ಓದಿ ಮೈ ಜುಂ ಅಂತು. ನನ್ನ ಈಗಿನ ಸಾಲು ಹೀಗಿದೆ: ಬಸ್ಸು ದೂರದಲ್ಲಿ. ಬಸ್ಸಿನ ಮೇಲೆ ಬೀಳುವ ಮಳೆ. ಡ್ರೈವರ್ ಕೀ ತಿರುಗಿಸುವುದು. ಹೆಡ್‌ಲೈಟ್ ಆರುವುದು. ಮರದ ಕೆಳಗೆ ನಾಯಿ. ನಾಯಿಯ ಕಣ್ಣು. ನಾಯಿ ಓಡುವುದು. ಬಸ್ಸಿನ ಅಡಿಯಲ್ಲಿ ನಾಯಿ. ಕಂಡಕ್ಟರ್ ಬಗ್ಗಿ ನೋಡುವುದು. ಇದರಲ್ಲಿ ಯಾವುದನ್ನು ಬಿಡಲಿ?

ಲೇಔಟ್_ರಾಯರು

ನಿಮ್ಮ ಸಾಲಿನಲ್ಲಿ ಹೆಡ್‌ಲೈಟ್ ಆರಿದ ಮೇಲೆ ನಾಯಿ ಕಾಣುತ್ತದೆ. ಕತ್ತಲು, ಮಳೆ, ಯಾವ ಬೆಳಕಿನಲ್ಲಿ ಕಾಣುತ್ತದೆ? ಆಮೇಲೆ ಲೈಟಿಂಗ್ ಮಾಡುವಾಗ ಎಲ್ಲಿಂದಲೋ ನೀಲಿ ಬೆಳಕು ತರಬೇಕಾಗುತ್ತದೆ. ಈ ಥರದ್ದೆಲ್ಲ ಈಗಲೇ ಸಿಕ್ಕಿಬೀಳಬೇಕು.

ನಾನಾದರೆ ಹೀಗೆ ಮಾಡುತ್ತೇನೆ. ಶಾಟ್ 010, ಬಸ್ಸು ತಿರುಗುವುದು, ನಾಯಿ ಬೆಳಕಿನಲ್ಲಿ ಒಮ್ಮೆ ಕಾಣುವುದು. 020, ಡ್ರೈವರ್ ಕ್ಯಾಬಿನ್ ಒಳಗೆ, ಕೈ ಸ್ವಿಚ್ ಮೇಲೆ. ಹೆಡ್‌ಲೈಟ್ ಆರುತ್ತದೆ, ಇಂಜಿನ್ ನಿಲ್ಲುತ್ತದೆ. 030, ಪೂರ್ತಿ ಕತ್ತಲು. ನೀರಿನಲ್ಲಿ ಪಚ ಪಚ ಹೆಜ್ಜೆ ಸದ್ದು ಮಾತ್ರ. ಎರಡು ಸೆಕೆಂಡು ತಡೆದುಕೊಳ್ಳಿ. 040, ಕ್ಯಾಮೆರಾ ನೆಲದ ಮಟ್ಟದಲ್ಲಿ, ಮುಂದೆ ದೊಡ್ಡದಾಗಿ ಟೈರು. ಬಸ್ಸಿನ ಒಳಗಿನ ಬಲ್ಬಿನ ಬೆಳಕು ಬಾಗಿಲಿನ ಮೆಟ್ಟಿಲಿಂದ ಇಳಿದು ನೆಲದ ಮೇಲೆ ಬಿದ್ದಿದೆ. ಆ ಬೆಳಕಿನ ಅಂಚಿಗೆ ನಾಯಿ ಬಂದು ಮಲಗುತ್ತದೆ. 050, ಮೆಟ್ಟಿಲ ಮೇಲೆ ಕಂಡಕ್ಟರ್ ಕಾಲು ನಿಲ್ಲುತ್ತದೆ.

ಒಂಬತ್ತು ಇದ್ದದ್ದು ಐದಾಯಿತು. ನಾಯಿ ಓಡುವುದನ್ನು ಅನಿಮೇಟ್ ಮಾಡುವ ಕೆಲಸವೂ ಉಳಿಯಿತು. ನಾಲ್ಕು ಕಾಲಿನ ಓಟ ಎಷ್ಟು ಕಷ್ಟ ಅಂತ ರಿಗ್ ಮಾಡಿದ ನಿಮಗೇ ಗೊತ್ತು.

ನಂಬರನ್ನು ಹತ್ತು ಹತ್ತರ ಲೆಕ್ಕದಲ್ಲಿ ಯಾಕೆ ಇಟ್ಟೆ ಅಂದರೆ, ನಾಳೆ ಮಧ್ಯೆ ಒಂದು ಶಾಟ್ ಬೇಕು ಅನಿಸಿದರೆ 035 ಅಂತ ಸೇರಿಸಬಹುದು. ಮಿಕ್ಕ ಫೈಲುಗಳ ಹೆಸರು ಬದಲಿಸಬೇಕಾಗಿಲ್ಲ.

ಕಡಲತಡಿ

030 ಅದ್ಭುತವಾಗಿದೆ. ಕಾಗದದ ಮೇಲೆ ಬರೆದರೆ ಅದು ಒಂದು ಕಪ್ಪು ಚೌಕ ಅಷ್ಟೇ. ಟೈಮ್‌ಲೈನಿನಲ್ಲಿ ಸದ್ದಿನ ಜೊತೆ ಇಟ್ಟರೆ ಮಾತ್ರ ಅದರ ಬೆಲೆ ತಿಳಿಯುತ್ತದೆ. ಕಾಗದಕ್ಕೆ ಅಂಟಿಕೊಂಡು ಕೂರಬೇಡಿ ಅಂತ ಅದಕ್ಕೇ ಹೇಳಿದ್ದು.

ಪೆನ್ಸಿಲ್_ಹುಬ್ಬಳ್ಳಿ

ಆ ಸಾಲನ್ನು ರಾಯರು ಮಾತಿನಲ್ಲೇ ಕಟ್ಟಿದ್ದು ನೋಡಿದಿರಲ್ರೀ. 3ಡಿ ತೆರೆದು ಕೂತಿದ್ದರೆ ಅಷ್ಟೊತ್ತಿಗೆ ಮರದ ಎಲೆ ಜೋಡಿಸುತ್ತಿರುತ್ತಿದ್ದರು.

ಸದ್ದುಮಾಡಿ

ಸದ್ದಿನ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಮಳೆಯ ಸದ್ದು, ಐಡ್ಲಿಂಗ್‌ನಲ್ಲಿರುವ ಇಂಜಿನ್ ಸದ್ದು, ಸೀಟಿ, ಬಾಡಿ ತಟ್ಟುವ ಸದ್ದು, "ರೈಟ್ ರೈಟ್" ಅನ್ನುವ ಕೂಗು, ಎಲ್ಲ ಫೋನಿನಲ್ಲೇ ರೆಕಾರ್ಡ್ ಮಾಡಿ. ಕೂಗು ನಿಮ್ಮದೇ ಗಂಟಲಿನದ್ದಾಗಲಿ, ಸದ್ಯಕ್ಕೆ ಸಾಕು. ಇಂಜಿನ್ ನಿಲ್ಲುವ ಜಾಗ ಗೊತ್ತಾಗದೆ 020 ಎಷ್ಟು ಉದ್ದ ಇರಬೇಕು ಅಂತ ಗೊತ್ತಾಗುವುದಿಲ್ಲ.

ಆದರೆ ಹಾಡು, ಹಿನ್ನೆಲೆ ಸಂಗೀತ ಮಾತ್ರ ಈಗ ಹಾಕಬೇಡಿ. ಪಿಟೀಲು ಹಾಕಿದರೆ ಎಂಥ ಕೆಟ್ಟ ಕಟ್ ಕೂಡ ಚೆನ್ನಾಗಿದೆ ಅನಿಸುತ್ತದೆ. ಸಂಗೀತ ತೆಗೆದ ಮೇಲೂ ನಿಲ್ಲುವ ಕಟ್ ನಿಮ್ಮದು.

ಹಾಸನ_ಹೈದ

ಲೆನ್ಸ್ ಬಗ್ಗೆ ಯಾರಾದರೂ ಹೇಳಿ. ಬ್ಲೆಂಡರ್‌ನಲ್ಲಿ 50 ಎಂಎಂ ಇರುತ್ತದೆ, ನಾನು ಅದನ್ನು ಮುಟ್ಟುವುದೇ ಇಲ್ಲ.

ಮೂವತ್ತೈದು_ಎಂಎಂ

ಮುಟ್ಟಬೇಕು. ಬಸ್ಸಿನ ಒಳಗಿನ ಶಾಟನ್ನೇ ತೆಗೆದುಕೊಳ್ಳೋಣ. ಬಸ್ಸಿನ ಅಗಲ ಸುಮಾರು ಎರಡೂವರೆ ಮೀಟರ್. ಒಳಗೆ ನಿಂತು ಡ್ರೈವರನ್ನು ಸೊಂಟದವರೆಗೆ ಪಕ್ಕದಿಂದ ತೋರಿಸಬೇಕು. ನಿಜವಾದ ಕ್ಯಾಮೆರಾಮನ್ ಆದರೆ 24 ಅಥವಾ 28ರ ಅಗಲ ನೋಟದ ಲೆನ್ಸ್ ಹಾಕುತ್ತಾನೆ, ಬೆನ್ನು ಕಿಟಕಿಗೆ ಒತ್ತಿ ನಿಲ್ಲುತ್ತಾನೆ. 3ಡಿಯಲ್ಲಿ ಗೋಡೆ ತಡೆಯುವುದಿಲ್ಲ. 85 ಹಾಕಿ, ಬಸ್ಸಿನ ಆಚೆ ಹೋಗಿ, ಗೋಡೆ ಮರೆಮಾಡಿ ತೆಗೆಯಬಹುದು. ಚಿತ್ರ ಚಂದ ಇರುತ್ತದೆ. ಬಸ್ಸಿನ ಇಕ್ಕಟ್ಟು ಮಾತ್ರ ಹೋಗಿಬಿಡುತ್ತದೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಸುಳ್ಳು ಅನಿಸುತ್ತದೆ.

ಪಿಕ್ಸಾರ್‌ನವರು 'ವಾಲ್-ಇ' ಮಾಡುವಾಗ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಅವರನ್ನು ಕರೆಸಿದ್ದು ನಿಜವಾದ ಕ್ಯಾಮೆರಾ, ಬೆಳಕು ಹೇಗೆ ವರ್ತಿಸುತ್ತವೆ ಅಂತ ತಿಳಿಯಲು. ಅಷ್ಟು ದೊಡ್ಡವರೇ ಕೇಳಿ ಕಲಿತರು.

ನನ್ನ ಸಲಹೆ, ಇಡೀ ಚಿತ್ರಕ್ಕೆ ಮೂರೇ ಲೆನ್ಸ್ ಇಟ್ಟುಕೊಳ್ಳಿ. 24, 35, 50. ಕ್ಯಾಮೆರಾ ಹತ್ತಿರ ಹೋಗಬೇಕಾದಲ್ಲಿ ಜೂಮ್ ಮಾಡಬೇಡಿ, ನಡೆದುಕೊಂಡೇ ಹೋಗಿ. ನಾಯಿಯ ಶಾಟಿಗೆ ಕ್ಯಾಮೆರಾ ಮೊಣಕಾಲಿಗಿಂತ ಮೇಲೆ ಬೇಡ. ಅದು ಎಲ್ಲಿಂದ ಜಗತ್ತನ್ನು ನೋಡುತ್ತದೋ ಅಲ್ಲೇ ಇರಲಿ.

ವ್ಯಾಂಕೂವರ್_ಕನ್ನಡತಿ

ಇದಕ್ಕೆ ಒಳ್ಳೆಯ ಉಪಾಯ ಇದೆ. ಫೋನ್ ತೆಗೆದುಕೊಂಡು ಯಾವುದಾದರೂ ನಿಂತ ಬಸ್ಸಿನ ಒಳಗೆ ಹೋಗಿ. ಗೆಳೆಯರನ್ನು ಕೂರಿಸಿ ನಿಮ್ಮ ಶಾಟುಗಳನ್ನೇ ವಿಡಿಯೋ ಮಾಡಿ. ಹೆಚ್ಚಿನ ಫೋನುಗಳ ಮುಖ್ಯ ಕ್ಯಾಮೆರಾ 24ರಿಂದ 26 ಲೆನ್ಸಿಗೆ ಸಮ. ಬ್ಲೆಂಡರ್‌ನಲ್ಲಿ ಕ್ಯಾಮೆರಾದ ಸೆನ್ಸರ್ ಅಗಲ 36 ಎಂಎಂ ಇಟ್ಟು ಅಷ್ಟೇ ಲೆನ್ಸ್ ಕೊಟ್ಟರೆ ಹೆಚ್ಚುಕಡಿಮೆ ಅದೇ ನೋಟ ಸಿಗುತ್ತದೆ. ಆ ವಿಡಿಯೋ ತುಣುಕುಗಳೇ ನಿಮ್ಮ ಮೊದಲ ಅನಿಮ್ಯಾಟಿಕ್ ಆಗಬಹುದು. 1977ರ 'ಸ್ಟಾರ್ ವಾರ್ಸ್'ನ ಬಾಹ್ಯಾಕಾಶದ ಕಾಳಗಕ್ಕೆ ಜಾರ್ಜ್ ಲ್ಯೂಕಾಸ್ ಎರಡನೇ ಮಹಾಯುದ್ಧದ ವಿಮಾನ ಕಾಳಗದ ಹಳೆಯ ಫಿಲ್ಮುಗಳನ್ನೇ ಕತ್ತರಿಸಿ ಜೋಡಿಸಿಕೊಂಡಿದ್ದರು. ಯಾವ ಕಾಲದ್ದು, ಯಾವ ಗುಣಮಟ್ಟದ್ದು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಲಯ ಗೊತ್ತಾದರೆ ಸಾಕು.

ಡಿಪೋ_ಹುಡುಗ

ಒಳಗೆ ಹೋದಾಗ ಇದನ್ನೂ ಗಮನಿಸಿ. ಮಲಗುವಾಗ ಸೊಳ್ಳೆಪರದೆಯನ್ನು ಮೇಲಿನ ಕಂಬಿಗೆ ಕಟ್ಟುತ್ತಾರೆ. ಕಂಡಕ್ಟರ್ ಕ್ಯಾಶ್ ಬ್ಯಾಗ್ ತಲೆದಿಂಬಿನ ಕೆಳಗೆ. ಒದ್ದೆ ಯೂನಿಫಾರ್ಮ್ ಸೀಟಿನ ಮೇಲೆ ಹರಡಿರುತ್ತದೆ. ಮಳೆಗಾಲದಲ್ಲಿ ಕಿಟಕಿ ಶಟರ್ ಪೂರ್ತಿ ಮುಚ್ಚಿದರೂ ನೀರು ಬರುತ್ತದೆ, ಎರಡು ಸೀಟು ಒಣಗಿದ್ದರೆ ಪುಣ್ಯ.

ಮಳೆಬಸ್ಸು

ಇದನ್ನೆಲ್ಲ ಬರೆದುಕೊಳ್ಳುತ್ತಿದ್ದೇನೆ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಬ್ಲೆಂಡರ್‌ನಲ್ಲಿ ಇದನ್ನು ಹೇಗೆ ಜೋಡಿಸಿಕೊಳ್ಳಬೇಕು ಅಂತ ಸ್ವಲ್ಪ ಹೇಳುತ್ತೀರಾ?

ಬೂದುಡಬ್ಬ

ಒಂದೇ ಫೈಲ್. ಊರು ಪೂರ್ತಿ ಡಬ್ಬಗಳಲ್ಲಿ ಕಟ್ಟಿ, ಅಳತೆ ಮಾತ್ರ ನಿಜವಾದ ಮೀಟರಿನಲ್ಲಿ. ಮನುಷ್ಯನಿಗೆ ಕ್ಯಾಪ್ಸೂಲ್, ಮುಖದ ಕಡೆ ಒಂದು ಕೋನ್ ಮೂಗು. ಶಾಟಿಗೊಂದು ಕ್ಯಾಮೆರಾ. ವ್ಯೂಪೋರ್ಟಿನಲ್ಲಿ (ಕೆಲಸ ಮಾಡುವ 3ಡಿ ಕಿಟಕಿ) ನೋಟ ಸರಿಹೋದ ಮೇಲೆ ಕಂಟ್ರೋಲ್, ಆಲ್ಟ್, ನಂಬರ್‌ಪ್ಯಾಡ್ ಸೊನ್ನೆ ಒತ್ತಿದರೆ ಕ್ಯಾಮೆರಾ ಅಲ್ಲಿಗೆ ಬರುತ್ತದೆ. ಟೈಮ್‌ಲೈನಿನಲ್ಲಿ ಎಂ ಒತ್ತಿ ಮಾರ್ಕರ್ ಹಾಕಿ. ಕ್ಯಾಮೆರಾ ಆರಿಸಿ ಕಂಟ್ರೋಲ್ ಬಿ ಒತ್ತಿದರೆ ಆ ಮಾರ್ಕರಿಗೆ ಅಂಟುತ್ತದೆ. ಪ್ಲೇ ಮಾಡಿದರೆ ತಾನಾಗೇ ಕಟ್ ಆಗುತ್ತಾ ಹೋಗುತ್ತದೆ. ಮಾರ್ಕರ್ ಎಳೆದರೆ ಕಟ್ ಜರುಗುತ್ತದೆ.

ಲೇಔಟ್_ರಾಯರು

ಮಾರ್ಕರ್ ಒಂದು ದೃಶ್ಯಕ್ಕೆ ಸರಿ, ಐದು ನಿಮಿಷಕ್ಕೆ ಬೇಡ. 020 ಅನ್ನು 12 ಫ್ರೇಮ್ ಉದ್ದ ಮಾಡಿದರೆ ಮುಂದಿನ ಎಲ್ಲ ಚಲನೆಯನ್ನೂ 12 ಫ್ರೇಮ್ ತಳ್ಳಬೇಕು. ಒಂದು ಮರೆತರೂ ಎಲ್ಲ ಕೆಡುತ್ತದೆ. ಪ್ರತಿ ಶಾಟನ್ನೂ ಬೇರೆ ಬೇರೆ ಮಾಡಿ. ವ್ಯೂಪೋರ್ಟ್ ರೆಂಡರ್ ಸಾಕು, ಕ್ಷಣದಲ್ಲಿ ಮುಗಿಯುತ್ತದೆ. ಆ ತುಣುಕುಗಳನ್ನು ಬ್ಲೆಂಡರ್‌ನ ವಿಡಿಯೋ ಸೀಕ್ವೆನ್ಸರಿನಲ್ಲೋ ಡಾವಿಂಚಿ ರಿಸಾಲ್ವ್‌ನಲ್ಲೋ ಜೋಡಿಸಿ. ಹಿಂದೆ ಮುಂದೆ ಎಂಟೆಂಟು ಫ್ರೇಮ್ ಜಾಸ್ತಿ ತೆಗೆದಿಡಿ, ಕಟ್ ಜರುಗಿಸಲು ಜಾಗ ಬೇಕು. ಔಟ್‌ಪುಟ್‌ನ ಮೆಟಾಡೇಟಾದಲ್ಲಿ ಫ್ರೇಮ್ ನಂಬರ್, ಕ್ಯಾಮೆರಾ ಹೆಸರು, ಲೆನ್ಸ್ ಚಿತ್ರದ ಮೇಲೇ ಮೂಡುವ ಹಾಗೆ ಟಿಕ್ ಹಾಕಿ. "ಯಾವ ಶಾಟ್, ಎಷ್ಟನೇ ಫ್ರೇಮ್" ಅಂತ ಮಾತಾಡಲು ಅನುಕೂಲ.

ಬೂದುಡಬ್ಬ

ಹೊಸಬರಿಗೆ ಅಷ್ಟೊಂದು ಫೈಲು ಸಂಭಾಳಿಸುವುದು ಕಷ್ಟ ಆಗುತ್ತದೆ. ದೃಶ್ಯಕ್ಕೊಂದು ಫೈಲ್, ಒಳಗೆ ಮಾರ್ಕರ್. ಈ ಮಟ್ಟಿಗೆ ರಾಜಿ?

ಲೇಔಟ್_ರಾಯರು

ಒಂದು ದೃಶ್ಯದಲ್ಲಿ ಹತ್ತು ಶಾಟಿನ ಒಳಗಿದ್ದರೆ ಸರಿ.

ಬೆಳದಿಂಗಳು

ತಡವಾಗಿ ಬಂದೆ. ನನಗೆ ಒಂದು ಭಯ ಇದೆ. ಎಲ್ಲವನ್ನೂ ಮೊದಲೇ ಗೆರೆ ಹಾಕಿ ಕಟ್ಟಿಬಿಟ್ಟರೆ ಆಮೇಲೆ ಅನಿಮೇಟರ್‌ಗೆ ಏನು ಉಳಿಯುತ್ತದೆ? ನಾಯಿ ಬಾಲ ಅಲ್ಲಾಡಿಸುವ ರೀತಿಯಲ್ಲೇ ಹೊಸದೇನೋ ಸಿಗಬಹುದು. ಬಿಗಿಯಾದ ಪ್ರೀವಿಸ್ ಅದನ್ನು ಕೊಂದುಹಾಕುತ್ತದೆ. ನಾನು 2ಡಿಯಲ್ಲಿ ಕೆಲಸ ಮಾಡುತ್ತೇನೆ, ಕೈ ತಾನಾಗಿ ಹೋದ ಕಡೆ ಸಿಕ್ಕಿದ್ದೇ ನನ್ನ ಒಳ್ಳೆಯ ಶಾಟುಗಳು.

ಮೂವತ್ತೈದು_ಎಂಎಂ

ನಿಮ್ಮ ಭಯ ಸರಿಯಾದದ್ದೇ. ಪ್ರೀವಿಸ್‌ನಲ್ಲಿ ಜಾಗ, ದಿಕ್ಕು, ಉದ್ದ ಮಾತ್ರ ತೀರ್ಮಾನ ಆಗಲಿ. ನಟನೆಗೆ ಕೈ ಹಾಕಬಾರದು. 040ರಲ್ಲಿ ನಾಯಿ ಎಲ್ಲಿ ಮಲಗುತ್ತದೆ ಅಂತ ಗೊತ್ತಿದೆ. ಮಲಗುವ ಮುಂಚೆ ಎರಡು ಸುತ್ತು ಹೊಡೆಯುತ್ತದೋ, ಮೈ ಕೊಡವುತ್ತದೋ, ಅದು ಅನಿಮೇಟರ್ ಪಾಲು. ನಾಯಿ ಡಬ್ಬವಾಗಿಯೇ ಉಳಿಯಲಿ ಅನ್ನುವುದು ಅದಕ್ಕೇ. ಪ್ರೀವಿಸ್‌ನಲ್ಲೇ ಕಿವಿ, ಬಾಲ ಎಲ್ಲ ಆಡಿಸಿದರೆ ಆಮೇಲೆ ಅದನ್ನೇ ನಕಲು ಮಾಡುತ್ತೇವೆ.

ಬೆಳದಿಂಗಳು

ಆ ಗಡಿ ಇಟ್ಟುಕೊಂಡರೆ ಒಪ್ಪುತ್ತೇನೆ. ಆದರೂ ಒಂದೆರಡು ಶಾಟ್ ಖಾಲಿ ಬಿಟ್ಟುಕೊಂಡೇ ನಾನು ಕೆಲಸ ಶುರು ಮಾಡುತ್ತೇನೆ.

ಸದ್ದುಮಾಡಿ

ಎಲ್ಲ ಜೋಡಿಸಿದ ಮೇಲೆ ಸಿನಿಮಾದ ಗಂಧಗಾಳಿ ಇಲ್ಲದ ಒಬ್ಬರಿಗೆ ತೋರಿಸಿ. ಮನೆಯವರು ಬೇಡ, ಅವರಿಗೆ ಕಥೆ ಗೊತ್ತಿರುತ್ತದೆ. ತೋರಿಸುವಾಗ ವಿವರಣೆ ಕೊಡಬೇಡಿ. ಮುಗಿದ ಮೇಲೆ "ಹೇಗಿದೆ" ಅಂತ ಕೇಳಬೇಡಿ, "ಏನಾಯಿತು ಹೇಳಿ" ಅಂತ ಕೇಳಿ. ಅವರು ಹೇಳುವ ಕಥೆಯಲ್ಲಿ ನಾಯಿ ಮರದ ಕಡೆಯಿಂದ ಬಂತು ಅನ್ನುವುದು ಇಲ್ಲದಿದ್ದರೆ 010ಕ್ಕೆ ವಾಪಸ್ ಹೋಗಿ.

ಮಳೆಬಸ್ಸು

ಈ ವಾರ ಮೊದಲು ಗೆರೆಚಿತ್ರ, ಫೋನಿನ ಸದ್ದು. ಆಮೇಲೆ ಡಬ್ಬದ ಬಸ್ಸು, ಎಡಗಡೆ ಬಾಗಿಲು. ಮೊದಲ ದೃಶ್ಯ ಮುಗಿದ ತಕ್ಷಣ ಲಿಂಕ್ ಹಾಕುತ್ತೇನೆ. ಇನ್ನೊಂದೇ ಸಂಶಯ. 010ರಲ್ಲಿ ರಾತ್ರಿ ಬೆಳಕು ಈಗಲೇ ಬೇಕಾ, ಇಲ್ಲ ಹಗಲಿನ ಬೂದು ಬೆಳಕಿನಲ್ಲೇ ಮಾಡಲಾ?

ಲೇಔಟ್_ರಾಯರು

ಮಿಕ್ಕ ಶಾಟುಗಳಿಗೆ ಬೂದು ಸಾಕು. 010, 030, 040ಕ್ಕೆ ಮಾತ್ರ ಬೆಳಕೇ ಕಥೆ. ಹೆಡ್‌ಲೈಟಿಗೆ ಎರಡು ಸ್ಪಾಟ್ ಲೈಟ್, ಬಾಗಿಲಿನ ಒಳಗೆ ಒಂದು ಪಾಯಿಂಟ್ ಲೈಟ್, ಉಳಿದದ್ದು ಕತ್ತಲು. ಬ್ಲೆಂಡರ್‌ನ ಬೇಗ ಮುಗಿಯುವ ರೆಂಡರರ್ ಈವಿ ಸಾಕು.

ಡಿಪೋ_ಹುಡುಗ

ಲಿಂಕ್ ಹಾಕಿದಾಗ ನನ್ನ ಹೆಸರು ಟ್ಯಾಗ್ ಮಾಡಿ. ಅಪ್ಪನಿಗೆ ತೋರಿಸಿ "ಏನಾಯಿತು ಹೇಳಿ" ಅಂತ ನಾನೇ ಕೇಳುತ್ತೇನೆ. ಕಥೆ ಅವರಿಗೆ ಹೇಳಿಲ್ಲ.